ವಿಡಿಯೊ ನೋಡಿ ಅಪ್ಪ ಶುಗರ್ ಮಾತ್ರೆ ಬಿಟ್ಟಿದ್ದಾರೆ, ಹೇಗೆ ಒಪ್ಪಿಸೋದು?

ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯಿಂದ ಕಿಡ್ನಿ ಹೋಗುತ್ತೆ ಅನ್ನೋ ವಿಡಿಯೊ ನೋಡಿ ನಿಮ್ಮ ತಂದೆ ತಿಂಗಳಿಂದ ಮಾತ್ರೆ ಬಿಟ್ಟಿದ್ದಾರೆ ಅಂದರೆ, ಕಾರಣ ಬಹುಶಃ ಭಯ. ಆ ಭಯವನ್ನ ಡಾಕ್ಟರ ಮುಂದೆ ಹೇಳಿಕೊಳ್ಳೋಕೆ ಅವರಿಗೆ ಅವಕಾಶ ಸಿಕ್ಕಿರಲಿಕ್ಕಿಲ್ಲ. ನನ್ನ ತಾಯಿಯೂ ಹೀಗೇ ಬಿಟ್ಟಿದ್ದರು.

ಮೊದಲು ವಾದ ನಿಲ್ಲಿಸಿ, ಪಕ್ಕ ಕೂತು ಆ ವಿಡಿಯೊ ಪೂರ್ತಿ ನೋಡಿ. ಕಿಡ್ನಿ ಆಗಲೇ ಸೋತವರಿಗೆ ಈ ಮಾತ್ರೆ ಕಡಿಮೆ ಮಾಡ್ತಾರೆ, ಕಿಡ್ನಿ ರಕ್ತವನ್ನ ಎಷ್ಟು ಸೋಸುತ್ತೆ ಅನ್ನೋ ಅಳತೆ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿಳಿದರೆ ನಿಲ್ಲಿಸ್ತಾರೆ, ಇದು ನಿಜ. ಅದನ್ನೇ ತಿರುಗಿಸಿ ಇಂಥ ವಿಡಿಯೊದವರು ಮಾತ್ರೆಯೇ ಕಿಡ್ನಿ ಕೆಡಿಸಿತು ಅಂತಾರೆ. ಕಿಡ್ನಿಯನ್ನ ವರ್ಷಗಟ್ಟಲೆ ತಿನ್ನೋದು ಹತೋಟಿ ತಪ್ಪಿದ ಸಕ್ಕರೆ.

ಆಮೇಲೆ ಈ ವಾರವೇ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ), ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ) ಮಾಡಿಸಿ. ತನ್ನದೇ ರಿಪೋರ್ಟು ಕೈಗೆ ಬಂದಾಗ ನನ್ನ ತಾಯಿ ಮೆತ್ತಗಾದರು. ನಿಮ್ಮ ತಂದೆಯೂ ಒಪ್ಪೇ ಒಪ್ತಾರೆ ಅಂತ ಖಾತ್ರಿ ಕೊಡಲಾರೆ. ಹೊಟ್ಟೆ ಕೆಡುತ್ತಿತ್ತಾ ಅಂತಲೂ ಮೆಲ್ಲಗೆ ಕೇಳಿ. ಭೇದಿ, ವಾಕರಿಕೆ ಹೇಳೋಕೆ ಸಂಕೋಚಪಟ್ಟು ಮಾತ್ರೆ ಬಿಡೋರಿದ್ದಾರೆ. ಊಟದ ಜೊತೆ ತಗೊಂಡರೆ, ಇಲ್ಲವೇ ಡಾಕ್ಟರು ನಿಧಾನವಾಗಿ ಕರಗೋ ಎಸ್‌ಆರ್ ಮಾತ್ರೆಗೆ ಬದಲಾಯಿಸಿದರೆ ಎಷ್ಟೋ ಜನಕ್ಕೆ ಸರಿಹೋಗುತ್ತೆ.

ರಿಪೋರ್ಟು ಹಿಡಿದು ಹೋಗುವಾಗ ಪ್ರಶ್ನೆಗಳನ್ನ ಅವರ ಕೈಯಲ್ಲೇ ಚೀಟಿಯಲ್ಲಿ ಬರೆಸಿ: ನನ್ನ ಕಿಡ್ನಿ ಹೇಗಿದೆ, ಈ ಡೋಸ್ ನನಗೆ ಸರಿಯಾ, ಮತ್ತೆ ಯಾವಾಗ ಟೆಸ್ಟ್? ಅವರೇ ಕೇಳಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಬಿಟ್ಟ ಮಾತ್ರೆಯನ್ನ ಯಾವ ಡೋಸಿನಿಂದ ಶುರು ಮಾಡಬೇಕು ಅನ್ನೋದು ಡಾಕ್ಟರೇ ಹೇಳಲಿ. ಅಷ್ಟರೊಳಗೆ ವಿಪರೀತ ಬಾಯಾರಿಕೆ, ವಾಂತಿ, ಮಂಪರು ಕಂಡರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.