ಆಂಜೆಲಾ ಡೇವಿಸ್ ಕೆಲಸ ಕಳೆದುಕೊಂಡದ್ದು ಕಮ್ಯುನಿಸ್ಟ್ ಆಗಿದ್ದಕ್ಕೇನಾ?

ಕಮ್ಯುನಿಸ್ಟ್ ಪಕ್ಷ ಸೇರಿದ್ದಕ್ಕೆ ಅಮೆರಿಕದ ಕಪ್ಪು ಹೋರಾಟಗಾರ್ತಿ, ತತ್ವಶಾಸ್ತ್ರದ ಅಧ್ಯಾಪಕಿ ಆಂಜೆಲಾ ಡೇವಿಸ್ ಕೆಲಸ ಹೋಯಿತು, ಹಾಗಾದರೆ ಪ್ರಾಧ್ಯಾಪಕರಾಗಬೇಕೆಂದಿರುವ ಪಿಎಚ್‌ಡಿ ವಿದ್ಯಾರ್ಥಿಗಳು ರಾಜಕೀಯದಿಂದ ದೂರ ಇರುವುದೇ ಕ್ಷೇಮವಲ್ಲವೇ ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಿಮ್ಮ ಪ್ರಶ್ನೆ ನಿಂತಿರುವ ನೆಲವೇ ಗಟ್ಟಿಯಿಲ್ಲ. ಪಕ್ಷದ ಸದಸ್ಯತ್ವದ ವಿಷಯದಲ್ಲಿ ಕೋರ್ಟಿನಲ್ಲಿ ಗೆದ್ದದ್ದು ಆಕೆಯೇ.

1969ರಲ್ಲಿ ಯುಸಿಎಲ್‌ಎ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನ ತತ್ವಶಾಸ್ತ್ರ ವಿಭಾಗ ಆಕೆಯನ್ನು ಹಂಗಾಮಿ ಸಹಾಯಕ ಪ್ರಾಧ್ಯಾಪಕಿಯಾಗಿ ತೆಗೆದುಕೊಂಡಿತು. ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ತತ್ವಜ್ಞಾನಿ ಹರ್ಬರ್ಟ್ ಮಾರ್ಕ್ಯೂಸ್ ಶಿಷ್ಯೆ, ಆಮೇಲೆ ಫ್ರಾಂಕ್‌ಫರ್ಟ್‌ನಲ್ಲಿ ಓದು, ಸ್ಯಾನ್ ಡಿಯಾಗೋದಲ್ಲಿ ಮತ್ತೆ ಮಾರ್ಕ್ಯೂಸ್ ಕೈಕೆಳಗೆ ಸಂಶೋಧನೆ. ಮಹಾಪ್ರಬಂಧ ಮುಗಿದಿರಲಿಲ್ಲ. ಹಿಂದಿನ ವರ್ಷವಷ್ಟೇ ಪಕ್ಷ ಸೇರಿದ್ದರು. ವಿಭಾಗಕ್ಕೆ ಒಬ್ಬ ಕಮ್ಯುನಿಸ್ಟ್ ಬರುತ್ತಿದ್ದಾರೆ ಅಂತ ಕ್ಯಾಂಪಸ್ ಪತ್ರಿಕೆಯಲ್ಲಿ ಹೆಸರು ಹೇಳದೆ ಬರೆದಾತ ಎಫ್‌ಬಿಐ ಮಾಹಿತಿದಾರ. ಹೆಸರು ಹಾಕಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ದಿನಪತ್ರಿಕೆ. ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ಅಂದರೆ ರೀಜೆಂಟರು, ನೀವು ಸದಸ್ಯರೇ ಅಂತ ಕೇಳಿಸಿದರು. ಹೌದು ಅಂತ ಆಕೆ ಲಿಖಿತವಾಗಿಯೇ ಉತ್ತರ ಕೊಟ್ಟರು. ಸೆಪ್ಟೆಂಬರಿನಲ್ಲಿ ವಜಾ ಪ್ರಕ್ರಿಯೆ ಶುರುವಾಯಿತು. ಗವರ್ನರ್ ರೊನಾಲ್ಡ್ ರೇಗನ್ ಹುದ್ದೆಯ ಬಲದಿಂದಲೇ ಆ ಮಂಡಳಿಯ ಸದಸ್ಯರು.

ಮಂಡಳಿ ಎಡವಿದ್ದು ಇಲ್ಲೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಮ್ಯುನಿಸ್ಟರು ಪಾಠ ಮಾಡಕೂಡದು ಅನ್ನುವ ನಿಯಮವನ್ನು ಅವರು 1940ರಲ್ಲೇ ಮಾಡಿಟ್ಟಿದ್ದರು. ಅದೇ ವರ್ಷ ಇದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಕೆನೆತ್ ಮೇ ಎಂಬ ಗಣಿತ ಬೋಧನಾ ಸಹಾಯಕನನ್ನು ಅದರಡಿ ಹೊರಗೂ ಹಾಕಿದ್ದರು. ಆಗ ನಡೆಯಿತು. ಆದರೆ 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೀಷಿಯನ್ ಪ್ರಕರಣದಲ್ಲಿ, ಬರೀ ಸದಸ್ಯತ್ವ ಸಾಲದು, ಪಕ್ಷದ ಕಾನೂನುಬಾಹಿರ ಗುರಿಗಳನ್ನು ನೆರವೇರಿಸುವ ನಿರ್ದಿಷ್ಟ ಉದ್ದೇಶ ಆ ವ್ಯಕ್ತಿಗೆ ಇರಬೇಕು ಅಂದಿತ್ತು. ಎರಡೇ ವರ್ಷ ಹಳೆಯ ತೀರ್ಪು. ಮಂಡಳಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಆದರೂ ಸತ್ತ ನಿಯಮವನ್ನೇ ಹಿಡಿದು ಹೊರಟು, ಕಾರಣ ಇಂಥದ್ದು ಅಂತ ತಾವೇ ಬರೆದುಕೊಟ್ಟರು. ಕಾರಣ ಕಾಗದದ ಮೇಲೆ ಬಂದ ಮೇಲೆ ಅದನ್ನು ಪ್ರಶ್ನಿಸುವುದು ಸುಲಭ. ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಧೀಶ ಜೆರ್ರಿ ಪಾಕ್ಟ್ ಅದನ್ನು ಅಸಾಂವಿಧಾನಿಕ ಅಂದರು. ಅಷ್ಟರಲ್ಲಿ ಕಪ್ಪು ಜನರ ಸಾಹಿತ್ಯದಲ್ಲಿನ ತಾತ್ವಿಕ ವಸ್ತುಗಳ ಬಗ್ಗೆ ಆಕೆಯ ಮೊದಲ ಉಪನ್ಯಾಸ ಕೇಳಲು ರಾಯ್ಸ್ ಹಾಲ್‌ನಲ್ಲಿ ಸುಮಾರು 2000 ಜನ ಸೇರಿಯಾಗಿತ್ತು.

ಎರಡನೇ ಸಲ ಮಂಡಳಿ ಜಾಣವಾಯಿತು. ವಜಾ ಮಾಡಲಿಲ್ಲ. ಒಂದು ವರ್ಷದ ಅವಧಿ ಮುಗಿಯುವುದನ್ನು ಕಾದು, 1970ರ ಜೂನ್‌ನಲ್ಲಿ ಮರುನೇಮಕ ಬೇಡ ಅಂತ ತೀರ್ಮಾನಿಸಿತು. ವಿಭಾಗ ಆಕೆಯ ಪರ ಇತ್ತು, ಕ್ಯಾಂಪಸ್ಸಿನ ಮುಖ್ಯಸ್ಥ, ಚಾನ್ಸಲರ್ ಚಾರ್ಲ್ಸ್ ಯಂಗ್ ಕೂಡ. ಅದಕ್ಕೇ ತೀರ್ಮಾನಿಸುವ ಅಧಿಕಾರವನ್ನು ಯಂಗ್ ಕೈಯಿಂದ ಮಂಡಳಿ ಮೊದಲೇ ಕಿತ್ತುಕೊಂಡಿತ್ತು. ಕೊಟ್ಟ ಮುಖ್ಯ ಕಾರಣ ಕ್ಲಾಸಿನ ಹೊರಗಿನ ನಾಲ್ಕು ಭಾಷಣಗಳು: ಪೊಲೀಸರನ್ನು ಹಂದಿಗಳು ಅಂದದ್ದು, ಬರ್ಕ್ಲಿಯ ಪೀಪಲ್ಸ್ ಪಾರ್ಕ್ ಎಂಬ ಜಾಗಕ್ಕಾಗಿ ನಡೆದ ಪ್ರತಿಭಟನೆಯಲ್ಲಿ ಪೊಲೀಸರು ಜನರನ್ನು ಕೊಂದರು ಅಂದದ್ದು. ಪಾಠ ಮಾಡುವುದರಲ್ಲಿ ದೋಷ ಹುಡುಕಲು ಆಗಿರಲಿಲ್ಲ. ಪ್ರಾಧ್ಯಾಪಕರ ಸಂಘ ಎಎಯುಪಿ ಖಂಡಿಸಿತು. ಖಂಡನೆಯಿಂದ ಯಾರಿಗೂ ಕೆಲಸ ವಾಪಸ್ ಬರುವುದಿಲ್ಲ ಬಿಡಿ.

ಕ್ಯಾಲಿಫೋರ್ನಿಯಾದ ಮ್ಯಾರಿನ್ ಕೌಂಟಿ ಕೋರ್ಟಿನಲ್ಲಿ ಒತ್ತೆಯಾಳುಗಳನ್ನು ಹಿಡಿದಾಗ ನಡೆದ ಗುಂಡಿನ ದಾಳಿಯಿಂದ ಕೆಲಸ ಹೋಯಿತು ಅನ್ನುವವರೂ ಇದ್ದಾರೆ. ಅದು ನಡೆದದ್ದು ಆಗಸ್ಟ್ 7ಕ್ಕೆ, ಅಂದರೆ ಆಮೇಲೆ. ಬಳಕೆಯಾದ ಬಂದೂಕುಗಳು ಆಕೆಯ ಹೆಸರಿನಲ್ಲಿದ್ದವು. ತಲೆಮರೆಸಿಕೊಂಡರು, ಅಕ್ಟೋಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಸಿಕ್ಕಿಬಿದ್ದರು, 1972ರ ಜೂನ್ 4ರಂದು ಎಲ್ಲ ಆರೋಪಗಳಿಂದ ಖುಲಾಸೆಯಾದರು. 1980 ಮತ್ತು 1984ರಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ಉಪಾಧ್ಯಕ್ಷ ಹುದ್ದೆಗೆ ನಿಂತರು. 1991ರಲ್ಲಿ ಪಕ್ಷ ಬಿಟ್ಟರು. ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್‌ನಲ್ಲಿ ಪ್ರಾಧ್ಯಾಪಕಿಯಾಗಿಯೇ ನಿವೃತ್ತರಾದರು. ಜೈಲುಗಳೇ ಬೇಡ ಅನ್ನುವ ಆಕೆಯ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೂ ಅದಕ್ಕೆ ಉತ್ತರ ಹೇಳುವುದು ಕಷ್ಟ. ಸೋವಿಯತ್ ಕೂಟದ ರಾಜಕೀಯ ಕೈದಿಗಳ ಬಗ್ಗೆ ತುಟಿ ಬಿಚ್ಚದಿದ್ದದ್ದನ್ನು ಮಾತ್ರ ಸಮರ್ಥಿಸಲಾಗದು.

ಹಾಗಾಗಿ, ಪಕ್ಷ ಸೇರಲೇ ಬೇಡವೇ ಅನ್ನುವ ತೂಕ ನೋಡುತ್ತಾ ಕೂರಬೇಡಿ. ಮೊದಲು ಮಹಾಪ್ರಬಂಧ ಮುಗಿಸಿ. ಅರ್ಧಕ್ಕೆ ನಿಂತ ಪಿಎಚ್‌ಡಿ ನಿಮ್ಮನ್ನು ಕೈಬಿಡಬೇಕು ಅನ್ನುವವರಿಗೆ ಸಭ್ಯವಾದ ನೆಪ. ನೇಮಕಾತಿ ಪತ್ರ ಕೈಗೆ ಬಂದಾಗ ಸಂಬಳದ ಸಾಲಿಗಿಂತ ಮೊದಲು ಮೂರು ಸಾಲು ಹುಡುಕಿ: ಅವಧಿ ಎಷ್ಟು, ನವೀಕರಿಸದಿದ್ದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಕೊನೆಯ ಸಹಿ ಯಾರದು. ‘ಮುಂದಿನ ವರ್ಷವೂ ನೀವೇ ಇರ್ತೀರಿ’ ಅಂತ ವಿಭಾಗದ ಮುಖ್ಯಸ್ಥರು ಹೇಳಿದರೆ, ಆ ಮಾತನ್ನು ಸಹಿ ಹಾಕುವವರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.