ನ್ಯೂವಾರ್ಕ್ ಈಗಲ್ಸ್ ತಂಡದ ಒಡತಿ

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿದ್ದ ವರ್ಣಭೇದದ ಗೋಡೆಯನ್ನು 1947ರಲ್ಲಿ ಜಾಕಿ ರಾಬಿನ್ಸನ್ ಒಡೆದರೆಂದು ಹೇಳುವಾಗಲೆಲ್ಲ ಅವರನ್ನು ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಸೇರಿಸಿಕೊಂಡ ಬ್ರಾಂಚ್ ರಿಕಿ ಅವರನ್ನೂ ಸ್ಮರಿಸುತ್ತಾರೆ. ನಾಗರಿಕ ಹಕ್ಕುಗಳ ವಿಷಯದಲ್ಲಿ ತಂಡದ ಮಾಲೀಕರ ಪಾತ್ರ ಆಟಗಾರರಿಗೆ ಅವಕಾಶ ಕೊಡುವುದಕ್ಕಷ್ಟೇ ಸೀಮಿತವೇ?
— ಒಬ್ಬ ಓದುಗರು, ಧಾರವಾಡ

ಉತ್ತರ: ಖಂಡಿತ ಅಲ್ಲ. ರಿಕಿ ಅವರ ಧೈರ್ಯ ದೊಡ್ಡದೇ ಆದರೂ, ನಿಮ್ಮ ಪ್ರಶ್ನೆಗೆ ನಾನು ಕೊಡಬಯಸುವ ಉದಾಹರಣೆ ಎಫಾ ಮ್ಯಾನ್ಲಿ ಅವರದು. ಕಪ್ಪು ಆಟಗಾರರಿಗೆ ಪ್ರಮುಖ ಲೀಗ್‌ಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ಪತಿ ಏಬ್ ಮ್ಯಾನ್ಲಿ ಅವರೊಡನೆ ನ್ಯೂಜೆರ್ಸಿಯಲ್ಲಿ ನ್ಯೂವಾರ್ಕ್ ಈಗಲ್ಸ್ ಎಂಬ ಕಪ್ಪು ಆಟಗಾರರ ತಂಡವನ್ನು ನಡೆಸುತ್ತಿದ್ದರು.

ತಂಡ ಕಟ್ಟುವುದಕ್ಕೂ ಮೊದಲು, 1934ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬ್ಲೂಮ್‌ಸ್ಟೈನ್ ಎಂಬ ದೊಡ್ಡ ಅಂಗಡಿಯ ವಿರುದ್ಧ ನಡೆದ ಬಹಿಷ್ಕಾರದಲ್ಲಿ ಅವರು ಮುಂದಾಳಾಗಿದ್ದರು. ಕಪ್ಪು ಜನರ ಹಣ ಪಡೆಯುತ್ತ, ಅವರಿಗೆ ಮಾರಾಟದ ಕೆಲಸ ಮಾತ್ರ ಕೊಡದಿದ್ದ ಆ ಅಂಗಡಿ ಕೊನೆಗೆ ಮಣಿಯಿತು. ಈ ಅನುಭವವನ್ನು ಅವರು ಆಟದ ಮೈದಾನಕ್ಕೂ ತಂದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದುದರ ವಿರುದ್ಧ 1939ರಲ್ಲಿ ರೂಪರ್ಟ್ ಕ್ರೀಡಾಂಗಣದಲ್ಲಿ ಒಂದು ದಿನವನ್ನೇ ಮೀಸಲಿಟ್ಟರು. ಪ್ರೇಕ್ಷಕರಿಗೆ ಆಸನ ತೋರಿಸುವವರು ಆ ಹತ್ಯೆಗಳನ್ನು ನಿಲ್ಲಿಸಿರೆಂಬ ಬರಹದ ಪಟ್ಟಿಗಳನ್ನು ಮೈಮೇಲೆ ಧರಿಸಿ ಸಾಲುಗಳ ನಡುವೆ ದೇಣಿಗೆ ಸಂಗ್ರಹಿಸಿದರು. ಆಟ ನೋಡಲು ಬಂದವರ ಕಣ್ಣೆದುರಿಗೇ ಅನ್ಯಾಯವನ್ನು ತಂದು ನಿಲ್ಲಿಸುವುದು ಮಾಲೀಕರ ಕೈಯಲ್ಲಿರುವ ಬಲ, ಮತ್ತು ಅದನ್ನು ಅವರು ಸಂಕೋಚವಿಲ್ಲದೆ ಬಳಸಿದರು.

ಇನ್ನೊಂದು ಸಂಗತಿಯನ್ನು ರಿಕಿ ಅವರನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಈಗಲ್ಸ್‌ನಲ್ಲಿ ಪಿಚರ್ (ಕ್ರಿಕೆಟ್‌ನ ಬೌಲರ್‌ಗೆ ಸಮಾನವಾದ, ಚೆಂಡೆಸೆಯುವ ಸ್ಥಾನ) ಆಗಿ ಆಡುತ್ತಿದ್ದ ಡಾನ್ ನ್ಯೂಕೂಂಬ್ ಅವರನ್ನು ರಿಕಿ ಒಂದು ಡಾಲರೂ ಕೊಡದೆ ಕರೆದೊಯ್ದರು. ಕಪ್ಪು ಆಟಗಾರನಿಗೆ ಗೌರವ, ಆತನನ್ನು ಬೆಳೆಸಿದ ಕಪ್ಪು ಸಂಸ್ಥೆಗೆ ಮಾತ್ರ ಏನೂ ಇಲ್ಲ ಎಂಬ ಈ ನಡೆಯನ್ನು ಎಫಾ ಬಹಿರಂಗವಾಗಿಯೇ ವಿರೋಧಿಸಿದರು. 1947ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೀಕ್ ಅವರು ಈಗಲ್ಸ್ ಆಟಗಾರ ಲ್ಯಾರಿ ಡೋಬಿ ಅವರನ್ನು ಕೇಳಿದಾಗ 10,000 ಡಾಲರ್ ಕೊಟ್ಟು, ಡೋಬಿ ತಂಡದಲ್ಲಿ ಉಳಿದರೆ ಇನ್ನೂ 5,000 ಕೊಡಲು ಒಪ್ಪಿದರು. ಹೀಗೆ ಡೋಬಿ, ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಮೊದಲ ಕಪ್ಪು ಆಟಗಾರರಾದರು. ಮುಂದೆ 1949ರಲ್ಲಿ ಈಗಲ್ಸ್‌ನ ಇನ್ನೊಬ್ಬ ಆಟಗಾರ ಮಾಂಟಿ ಇರ್ವಿನ್ ಅವರನ್ನೂ ರಿಕಿ ಹಾಗೆಯೇ ಪಡೆಯಲು ಹೊರಟಾಗ ಎಫಾ ತಡೆದು ನಿಂತರು. ರಿಕಿ ಹಿಂದೆ ಸರಿದರು, ನ್ಯೂಯಾರ್ಕ್ ಜೈಂಟ್ಸ್ 5,000 ಡಾಲರ್ ತೆತ್ತಿತು. ಮೊತ್ತ ಚಿಕ್ಕದು, ಆದರೆ ಕಪ್ಪು ತಂಡವೊಂದು ಬರೆಸಿಕೊಂಡ ಒಪ್ಪಂದವೂ ಒಪ್ಪಂದವೇ ಎಂಬುದನ್ನು ಬಿಳಿಯರ ತಂಡವೊಂದು ಹಣ ಎಣಿಸಿ ಒಪ್ಪಿಕೊಂಡಿತ್ತು.