ಸುಣ್ಣ ಹಚ್ಚಿದ ಹತ್ತು ಹುಣಸೆ ಬೀಜ

ಪುರುಷ, 41 ವರ್ಷ. ತಳ್ಳುಗಾಡಿಯಲ್ಲಿ ಸೊಪ್ಪು-ತರಕಾರಿ ವ್ಯಾಪಾರ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಪ್ತಸಲಹೆಗೆಂದು ನನ್ನ ಬಳಿ ಕರೆತಂದವರು ಅವರ ಹೆಂಡತಿ. ತನ್ನ ಕಿವಿಯೋಲೆ ಗಿರವಿಗೆ ಹೋಗಿದೆ ಎಂದು ಗೊತ್ತಾದ ಮಾರನೆಯ ದಿನವೇ ಬಂದಿದ್ದರು. ಗಂಡ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಓಸಿ ಮಟ್ಕಾದಲ್ಲಿ, ಅಂದರೆ ನಂಬರ್ ಮೇಲೆ ದುಡ್ಡು ಕಟ್ಟುವ ಜೂಜಿನಲ್ಲಿ, ತನ್ನ ನಂಬರ್ ಬಿದ್ದ ತಾರೀಖುಗಳೆಲ್ಲ ಅದರಲ್ಲಿ ಕೆಂಪು ಶಾಯಿಯಲ್ಲಿದ್ದವು. ದುಡ್ಡು ಹೋದ ದಿನದ್ದು ಒಂದು ಗೆರೆಯೂ ಇರಲಿಲ್ಲ. "ನನಗೆ ಆಟ ಗೊತ್ತು ಮೇಡಂ. ಟೈಮ್ ಸರಿಯಿಲ್ಲ, ಅಷ್ಟೆ."

ಜೂಜು ಕೆಟ್ಟದ್ದು ಎಂದು ನಾನು ಹೇಳಲಿಲ್ಲ. ಅದನ್ನು ಅವರ ತಾಯಿ, ಮಾವ, ಹೆಂಡತಿ ಎಲ್ಲರೂ ಹೇಳಿ ಆಗಿತ್ತು. ಕೊತ್ತಂಬರಿ ವ್ಯಾಪಾರ ಹೇಗೆ ಎಂದು ಕೇಳಿದೆ.

"100 ಕಟ್ಟಿಗೆ 400 ರೂಪಾಯಿ ಹಾಕ್ತೀನಿ. ಬಿಸಿಲಿದ್ರೆ ಎಲ್ಲಾ ಹೋಗುತ್ತೆ, ಸಾವಿರ ಬರುತ್ತೆ. ಮಳೆ ಹಿಡಿದ್ರೆ 300 ಆದ್ರೆ ಹೆಚ್ಚು. ಮಳೆಗಾಲದಲ್ಲಿ ಹತ್ತು ದಿನಕ್ಕೆ ಮೂರು ದಿನ ಹಂಗೇ."

"ಮತ್ತೆ ಯಾಕೆ ತರ್ತೀರಿ?"

"ಆ ಏಳು ದಿನ ಈ ಮೂರು ದಿನಾನ ಎಳ್ಕೊಂಡು ಹೋಗುತ್ತಲ್ಲ!"

ಹತ್ತು ದಿನಕ್ಕೆ 7,900 ಬಂದು, ಹಾಕಿದ 4,000 ಕಳೆದರೆ ಉಳಿಯುವುದು 3,900, ದಿನಕ್ಕೆ 390. ಯಾವ ದಿನವೂ ಅವರ ಕೈಗೆ ಸರಿಯಾಗಿ 390 ಸಿಗುವುದಿಲ್ಲ. 600 ಲಾಭ, ಇಲ್ಲವೇ 100 ನಷ್ಟ. ಆದರೂ ಗಾಡಿ ಉರುಳುತ್ತಿರುವುದು ಆ 390ರ ಮೇಲೆಯೇ. ಒಂದೊಂದು ಫಲವನ್ನೂ ಅದು ಬರುವ ಸಂಭವದಿಂದ ಗುಣಿಸಿ ಕೂಡಿಸಿದರೆ ಸಿಗುವ ಈ ಸಂಖ್ಯೆಗೆ ಗಣಿತದಲ್ಲಿ ನಿರೀಕ್ಷಿತ ಮೌಲ್ಯ ಎನ್ನುತ್ತಾರೆ. ಹೆಸರು ಗೊತ್ತಿಲ್ಲದೆಯೇ ಅವರು ಅದನ್ನು ಪ್ರತಿ ಬೆಳಿಗ್ಗೆ ಮಾರುಕಟ್ಟೆಯಲ್ಲಿ ನಿಂತು ಲೆಕ್ಕ ಹಾಕುತ್ತಿದ್ದರು.

ಅದೇ ಲೆಕ್ಕವನ್ನು ಮಟ್ಕಾ ಚೀಟಿಗೂ ಹಾಕಿದೆವು. ಅವರ ವಾಡಿಕೆ ದಿನಕ್ಕೆ ಹತ್ತು ಜೋಡಿ, ಅಂದರೆ ಎರಡಂಕಿಯ ಹತ್ತು ನಂಬರ್, ತಲಾ 20 ರೂಪಾಯಿ. ಬಿದ್ದರೆ ರೂಪಾಯಿಗೆ 80, ಅಂದರೆ 1,600. ಜೋಡಿಗಳು 00ಯಿಂದ 99ರವರೆಗೆ ನೂರು. ನಂಬರ್ ತೆಗೆಯುವವರು ಪ್ರಾಮಾಣಿಕರೇ ಎಂದಿಟ್ಟುಕೊಂಡರೂ, ನೂರು ದಿನ ಆಡಿದರೆ ಸುಮಾರು ಹತ್ತು ದಿನ ಬೀಳಬೇಕು. ಹಾಕಿದ್ದು 20,000, ಬಂದದ್ದು 16,000. ದಿನಕ್ಕೆ 40 ರೂಪಾಯಿ ಸೋರಿಕೆ.

"ಲೆಕ್ಕ ನಿಮ್ದು ಮೇಡಂ. ಲಕ್ ಬೇರೆ."

ಎರಡನೆಯ ಭೇಟಿಗೆ ಡಬ್ಬಿಯಲ್ಲಿ ನೂರು ಹುಣಸೆ ಬೀಜ ತಂದಿದ್ದೆ. ಹತ್ತಕ್ಕೆ ಸುಣ್ಣ ಹಚ್ಚಿತ್ತು. ಕಣ್ಣು ಮುಚ್ಚಿ ಒಂದು ತೆಗೆಯುವುದು, ಮತ್ತೆ ಒಳಗೆ ಹಾಕಿ ಕುಲುಕುವುದು. ಒಂದು ಸಲ ತೆಗೆದರೆ ಒಂದು ದಿನದ ಆಟ, ಬಿಳಿ ಬಂದರೆ ನಂಬರ್ ಬಿದ್ದಂತೆ. ಹೆಂಡತಿ ಬರೆದುಕೊಂಡರು. ಮೊದಲ 30ರಲ್ಲಿ ನಾಲ್ಕು ಬಿಳಿ ಬಂದವು: 6,000 ಹಾಕಿ 6,400. ಅವರ ಮುಖ ಅರಳಿತು. ನಿಲ್ಲಿಸಬೇಡಿ ಎಂದೆ. ಆಮೇಲೆ 19 ಸಲ ಒಂದೂ ಬಿಳಿ ಇಲ್ಲ. "ಈಗ ಬರಲೇಬೇಕು" ಎಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಬೆರಳು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಬಂದದ್ದು ಕಂದು ಬೀಜ. ಡಬ್ಬಿಯಲ್ಲಿ ಆಗಲೂ ಹತ್ತೇ ಬಿಳಿ, ತೊಂಬತ್ತು ಕಂದು. ಹಿಂದಿನ 19 ಸಲ ಏನಾಯಿತೆಂದು ಬೀಜಕ್ಕೆ ತಿಳಿಯದು. ನೂರು ಮುಗಿದಾಗ ಬಿಳಿ ಒಂಬತ್ತು. 5,600 ನಷ್ಟ.

ಆದರೆ ಬರೀ ದಿನಕ್ಕೆ 40ರಂತೆ ಸೋರಿದ್ದರೆ ವರ್ಷಕ್ಕೆ 14,600 ಆಗುತ್ತಿತ್ತು. ಸಾಲ 1,40,000 ಇತ್ತು. ಅದು ಬೆಳೆದದ್ದು "ಈಗ ಬರಲೇಬೇಕು" ಅನ್ನುವ ಆ ಗಳಿಗೆಯಲ್ಲೇ. ವಾರವಿಡೀ ಬೀಳದಿದ್ದರೆ ಮೀಟರ್ ಬಡ್ಡಿಗೆ ತಂದು 2,000 ಕಟ್ಟುತ್ತಿದ್ದರು. ನೂರಕ್ಕೆ 20 ಸೋರುವ ಕೊಡಕ್ಕೆ ಹೆಚ್ಚು ನೀರು ಸುರಿದರೆ ಹೆಚ್ಚು ಸೋರುತ್ತದೆ. ಇಷ್ಟು ಹೇಳಿದಾಗ ಅವರು ಮೊದಲ ಸಲ ಹೆಂಡತಿಯ ಕಡೆ ತಿರುಗಿದರು.

ಆಕೆ ಆಗ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಬ್ಯಾಂಕಲ್ಲಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ ಹಿಡೀತಾರೆ. ಅದೂ ವಾಪಸ್ ಬರಲ್ಲ. ಅದೂ ಜೂಜೇನಾ?" ಅಲ್ಲ. ಹೆಚ್ಚಿನವರಿಗೆ ಆ 20 ಹೋದದ್ದೇ. ಆದರೆ 20 ಹೋದರೆ ಒಲೆ ಆರುವುದಿಲ್ಲ. ಅಪಘಾತದಲ್ಲಿ ದುಡಿಯುವವರು ತೀರಿಕೊಂಡರೆ ಬರುವ 2 ಲಕ್ಷ ಮನೆಯನ್ನು ನಿಲ್ಲಿಸುತ್ತದೆ. ಹಾಗಾಗಿ ಸರಾಸರಿಯ ಜೊತೆಗೆ, ಸೋತರೆ ಏನು ಮುರಿಯುತ್ತದೆ ಎಂಬುದನ್ನೂ ನೋಡಬೇಕು. ಚೀಟಿಯಲ್ಲಿ ಸರಾಸರಿಯೂ ಕೈಕೊಡುತ್ತದೆ, ಮನೆಯೂ ಮುರಿಯುತ್ತದೆ.

ಲೆಕ್ಕ ತಿಳಿದ ಮಾತ್ರಕ್ಕೆ ಚಟ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಜೂಜಿನ ಚಟಕ್ಕೂ ಜಾಗವಿದೆ. ನಿದ್ದೆ ಪೂರ್ತಿ ಕೆಟ್ಟಿದ್ದರಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಲು ಹೇಳಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಯಾವ ಹೊತ್ತಿನಲ್ಲೂ ಉಚಿತ. ದಿನದ ವ್ಯಾಪಾರದ ದುಡ್ಡು ಸಂಜೆಯೇ ಹೆಂಡತಿಯ ಕೈಗೆ, ಬೆಳಗಿನ ಬಂಡವಾಳವಷ್ಟೇ ವಾಪಸ್. ಗಾಡಿಯನ್ನು ಚೀಟಿ ಬರೆಯುವವನು ಕೂರುವ ಟೀ ಅಂಗಡಿಯ ರಸ್ತೆಗೆ ಒಯ್ಯಬಾರದು. ಸಾಲ ತೀರಿಸಲೆಂದು ಕೊನೆಯದಾಗಿ ಒಂದು ಸಲ ಆಡುವ ಯೋಚನೆ ಬಂದಾಗ ಮೊದಲು ಹೆಂಡತಿಗೆ ಬಾಯಿಬಿಟ್ಟು ಹೇಳಬೇಕು. ನೋಟ್‌ಬುಕ್ಕನ್ನು ಎಸೆಯಬೇಡಿ, ಹೋದದ್ದನ್ನೂ ಅದರಲ್ಲೇ ಬರೆಯಿರಿ ಎಂದೆ.

ನಾಲ್ಕನೆಯ ಭೇಟಿಯಲ್ಲಿ ನೋಟ್‌ಬುಕ್ ತೆರೆದು ತೋರಿಸಿದರು. ಮೂರು ವಾರದಲ್ಲಿ ಎರಡು ಸಲ ಆಡಿದ್ದರು. ಎರಡೂ ಹೋಗಿದ್ದವು, ಎರಡನ್ನೂ ತಾರೀಖಿನ ಸಮೇತ ಬರೆದಿದ್ದರು. ಅದರ ಕೆಳಗೆ ಆ ವಾರದ ಕೊತ್ತಂಬರಿ ಲೆಕ್ಕವಿತ್ತು.